ಕನ್ನಡಿಯ ಮೇಲೆ ಗುಣವಾದ ಮೊಣಕಾಲು

ಗಾಳಿಪಟ ಅಭಿಮಾನಿ ಬಳಗದ ಸ್ಥಾಪಕ ಅಧ್ಯಕ್ಷರೂ, ನಮ್ಮ ಮನೆಯ ಕೆಳಗಿನ ಸಲೂನಿನ ಮಾಲೀಕರೂ, ಇನ್ನೊಬ್ಬರ ಮೊಣಕಾಲಿನ ವಿಷಯದಲ್ಲಿ ಈ ಬೀದಿಗೆಲ್ಲ ಹಿರಿಯರೂ ಆದ ಮಾನ್ಯರೇ,

ತಮಗೂ, ತಮ್ಮ ತಿರುಗುವ ಕುರ್ಚಿಗೂ, ಆ ಕುರ್ಚಿಯಲ್ಲಿ ಕೂತು ಕೆನ್ನೆಗೆ ನೊರೆ ಹಚ್ಚಿಸಿಕೊಂಡೇ ವೈದ್ಯಶಾಸ್ತ್ರ ಮಾತಾಡುವ ಸಕಲ ಸದಸ್ಯರಿಗೂ ಮೇಲಿನ ಮನೆಯಿಂದ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ, ಏಕೆಂದರೆ ತಮ್ಮ ದನಿ ಬೆಳಗಿನಿಂದ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಕೇಳುತ್ತಲೇ ಇದೆ. ನಮ್ಮ ಕ್ಷೇಮವನ್ನು ನಾನು ತಿಳಿಸುವ ಅಗತ್ಯವಿಲ್ಲ. ಅದು ನಮಗಿಂತ ಮೊದಲು ತಮಗೆ ತಿಳಿದಿರುತ್ತದೆ.

ತಮ್ಮ ಅಂಗಡಿಯ ದೊಡ್ಡ ಕನ್ನಡಿಯ ಮೇಲೆ ಮೊನ್ನೆಯಿಂದ ಸೋಪಿನಲ್ಲಿ ಒಂದು ಸಾಲು ಬರೆದಿದೆ: "ಓಡೋಕಾಗುತ್ತೆ, ಆಡೋಕಾಗಲ್ವಾ?" ಅಕ್ಷರ ದುಂಡಾಗಿದೆ, ಕ್ಷೌರಕ್ಕೆ ಬಂದವರೆಲ್ಲ ಓದಿಕೊಂಡು ಹೋಗುತ್ತಿದ್ದಾರೆ. ಈ ಪ್ರಶ್ನೆ ಕೇಳಿರುವುದು ನನ್ನ ಅಕ್ಕನನ್ನು. ಇದಕ್ಕೆ ಉತ್ತರವನ್ನು ನಾನು ಒಮ್ಮೆ ತಮ್ಮ ಅಂಗಡಿಯ ಬಾಗಿಲಲ್ಲೇ ನಿಂತು ಬಾಯಲ್ಲಿ ಹೇಳಿದ್ದೆ. ಬಾಯಲ್ಲಿ ಹೇಳಿದ್ದು ತಮ್ಮ ಫ್ಯಾನಿನ ಗಾಳಿಗೆ ಕೂದಲಿನ ಜೊತೆ ಹಾರಿ ಮೂಲೆ ಸೇರಿದ್ದರಿಂದ, ಈಗ ಕಾಗದದಲ್ಲಿ ಬರೆದು ಮೆಟ್ಟಿಲ ಬುಡದ ಗೋಡೆಗೆ ಅಂಟಿಸುತ್ತಿದ್ದೇನೆ. ಗಿರಾಕಿಗಳು ಸರದಿಗಾಗಿ ಕಾಯುತ್ತಾ ಕೂರುವುದು ಅಲ್ಲೇ ಆದ್ದರಿಂದ ಓದಲು ಪುರುಸೊತ್ತೂ ಇರುತ್ತದೆ.

ದಾರಿಯಲ್ಲಿ ಹೋಗುವವರಿಗೂ ವಿಷಯ ಗೊತ್ತಾಗಲೆಂದು ಮೊದಲಿನಿಂದ ಹೇಳುತ್ತೇನೆ. ತಾವೆಲ್ಲ ಪ್ರೀತಿಯಿಂದ ಗಾಳಿಪಟ ಎಂದು ಕರೆಯುವ ನನ್ನ ಅಕ್ಕ ನಮ್ಮ ಊರಿನ ಕ್ಲಬ್ಬಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡುವವಳು. ಈ ಸಲದ ಲೀಗಿನ ಆರಂಭದಲ್ಲೇ ಒಂದು ಪಂದ್ಯದಲ್ಲಿ ಅವಳು ಬುಟ್ಟಿಯ ಹತ್ತಿರ ಎಗರಿ, ಚೆಂಡು ಹಾಕಿ, ಇಳಿಯುವಾಗ ಎಡಗಾಲು ಓರೆಯಾಗಿ ಊರಿ ಬಿದ್ದಳು. ಮೊಣಕಾಲಿನ ಒಳಗೆ ಮೇಲಿನ ಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಹಿಡಿದಿಡುವ ಲಿಗಮೆಂಟ್ ಎಂಬ ಕಟ್ಟು ಹರಿದುಹೋಯಿತು. ಆಪರೇಷನ್ ಆಯಿತು. ಒಂಬತ್ತು ತಿಂಗಳಿಗೆ ಮೊದಲು ಅಂಕಣದ ಮಾತೇ ಬೇಡ, ಆಮೇಲೂ ವ್ಯಾಯಾಮ ಮಾಡಿಸುವ ಫಿಸಿಯೋ ಮೇಡಂ ಪರೀಕ್ಷೆ ಮಾಡಿ ಒಪ್ಪಿದರೆ ಮಾತ್ರ, ಎಂದು ಡಾಕ್ಟರು ಹೇಳಿದರು. ಅದರ ಅರ್ಧ ಈಗಷ್ಟೇ ದಾಟಿದೆ. ಅಷ್ಟರಲ್ಲಿ ನಮ್ಮ ತಂಡ ಫೈನಲ್ ತಲುಪಿದೆ, ಪಂದ್ಯ ಈ ಭಾನುವಾರ. ಡಾಕ್ಟರು ಮಾಡಿದ ತಪ್ಪೆಂದರೆ ಇಷ್ಟೆಲ್ಲ ತೀರ್ಮಾನಿಸುವ ಮೊದಲು ತಮ್ಮ ಸಲೂನಿಗೆ ಬಂದು ಒಂದು ಮಾತು ಕೇಳದೇ ಇದ್ದದ್ದು.

ಆ ಕೊರತೆಯನ್ನು ತಾವು ತುಂಬಿದಿರಿ, ಮಾನ್ಯರೇ. ತಮ್ಮ ಅಂಗಡಿಗೆ ಬಂದವರು ಕುರ್ಚಿ ಏರುವ ಮೊದಲು ಗಾಳಿಪಟ ಯಾವತ್ತು ಮರಳಿ ಆಡುತ್ತಾಳೆಂದು ಕನ್ನಡಿಯ ಮೇಲೆ ಸೋಪಿನ ತುಂಡಿನಿಂದ ತಾರೀಕು ಬರೆಯಲೇಬೇಕೆಂಬ ಪದ್ಧತಿಯನ್ನು ತಾವು ತಂದಿರಿ. ಕನ್ನಡಿಯ ಎಡಗಡೆ ಬೇಗದ ಪಕ್ಷ, ಬಲಗಡೆ ನಿಧಾನದ ಪಕ್ಷ. ಬರೆದ ತಾರೀಕು ದಾಟಿಹೋದವರು ತಾವೇ ಬಂದು ಒರೆಸಿ ಹೊಸದನ್ನು ಬರೆಯಬೇಕು. ಕೆಲವೇ ವಾರಗಳಲ್ಲಿ ಕನ್ನಡಿಯಲ್ಲಿ ಮುಖ ಕಾಣುವಷ್ಟು ಜಾಗ ಉಳಿಯಲಿಲ್ಲ. ಪಕ್ಕದ ಬೀದಿಯ ಮೇಷ್ಟ್ರ ಬಲಗಡೆಯ ಮೀಸೆ ಒಂದು ತಾರೀಕಿನ ಹಿಂದೆ ಸಿಕ್ಕಿಕೊಂಡು ಎಡಗಡೆಯದಕ್ಕಿಂತ ಗಿಡ್ಡವಾದದ್ದು ಆಗಲೇ. ಅವರು ದೂರಲಿಲ್ಲ. ತಂಡಕ್ಕಾಗಿ ಅಷ್ಟು ಬಿಟ್ಟುಕೊಟ್ಟೆ ಎಂದುಕೊಂಡು ಹೋದರಂತೆ. ಇಂಥ ಅಭಿಮಾನವನ್ನು ಯಾವ ಆಸ್ಪತ್ರೆಯಲ್ಲಿ ಕಾಣಬಹುದು?

ಬೇಗದ ಪಕ್ಷದ ನಾಯಕರಾದ ಬಸ್ ಕಂಡಕ್ಟರ್ ಅಣ್ಣನವರ ತರ್ಕವನ್ನು ನಾನು ಕಿಟಕಿಯಿಂದಲೇ ಕಲಿತೆ. ಬಸ್ಸಿನ ಸ್ಪ್ರಿಂಗ್ ಪಟ್ಟಿ ಮುರಿದರೆ ಡಿಪೋದವರು ಸಂಜೆಯೊಳಗೆ ಹೊಸದು ಹಾಕಿ ಕಳಿಸುತ್ತಾರೆ, ಬಸ್ಸು ಅಷ್ಟೇ ಜನರನ್ನು ಹೊತ್ತು ಅದೇ ಗುಂಡಿಗಳಲ್ಲಿ ಓಡುತ್ತದೆ, ಹಾಗಿರುವಾಗ ಐವತ್ತು ಚಿಲ್ಲರೆ ಕಿಲೋ ತೂಗುವ ಒಂದು ಹುಡುಗಿಗೆ ಇಷ್ಟು ತಿಂಗಳು ಯಾಕೆ ಎಂಬುದು ಅವರ ಪ್ರಶ್ನೆ. ಅವರ ಪ್ರಕಾರ ನೋವು ಕಾಲಲ್ಲಿಲ್ಲ, ತಲೆಯಲ್ಲಿದೆ. ಒಮ್ಮೆ ಅಂಕಣಕ್ಕೆ ಇಳಿಸಿ ಜನ ಕೂಗಿದರೆ ಮೊಣಕಾಲಿಗೆ ತಾನಾಗಿಯೇ ಬುದ್ಧಿ ಬರುತ್ತದೆ.

ನಿಧಾನದ ಪಕ್ಷಕ್ಕೆ ನಾಯಕರು ನಮ್ಮ ಅಮ್ಮನ ಸ್ವಂತ ಅಣ್ಣ, ಮೂಲೆಯಲ್ಲಿ ಮೊಟ್ಟೆ ಅಂಗಡಿ ಇಟ್ಟಿರುವ ನಮ್ಮ ಸೋದರಮಾವ. ಅವರು ಪ್ರಪಂಚವನ್ನು ನೋಡುವುದೇ ಒಡೆಯುವ ವಸ್ತು, ಒಡೆದ ವಸ್ತು ಎಂದು ಎರಡು ಭಾಗ ಮಾಡಿ. ಅಕ್ಕ ಬಾಲ್ಕನಿಗೆ ಬಂದರೆ ಬೀದಿಯಿಂದಲೇ ಒಳಗೆ ಹೋಗೆಂದು ಕೈ ಮಾಡುತ್ತಾರೆ. ಫಿಸಿಯೋ ಮೇಡಂ ಮನೆಗೆ ಬಂದು ಅಕ್ಕನ ಕಾಲನ್ನು ನಿಧಾನವಾಗಿ ಮಡಿಸಿ ಬಿಡಿಸುತ್ತಿದ್ದಾಗ ಮಾವ ಬಾಗಿಲಲ್ಲಿ ನಿಂತು, ಆಪರೇಷನ್ ಆದ ಕಾಲನ್ನು ಮಡಿಸುವವರು ಮನುಷ್ಯರೇ ಎಂದು ಅವರ ಮುಖಕ್ಕೇ ಕೇಳಿದರು. ಮಡಿಸದಿದ್ದರೆ ಹಾಗೇ ಬಿಗಿದುಕೊಂಡುಬಿಡುತ್ತದೆ ಎಂದು ಮೇಡಂ ವಿವರಿಸಿದರೆ, ಬಿಗಿದುಕೊಂಡರೆ ಒಳ್ಳೆಯದೇ ಅಲ್ಲವೇ, ಅಲುಗಾಡುವುದಿಲ್ಲ ಎಂದರು.

ಇವರಿಬ್ಬರ ನಡುವೆ ನಮ್ಮ ಮನೆಯ ಕಿಟಕಿ ಇದೆ, ಮಾನ್ಯರೇ, ಕಿಟಕಿಯ ಪಕ್ಕದಲ್ಲಿ ಅಕ್ಕನ ಮಂಚ. ಕಂಡಕ್ಟರ್ ಅಣ್ಣನವರ ದನಿ ಜೋರಾದ ದಿನ ಅವಳು ಮೇಡಂ ಹೇಳಿದ್ದಕ್ಕಿಂತ ಹೆಚ್ಚು ಕೂತೇಳುತ್ತಿದ್ದಳು, ಗೋಡೆ ಹಿಡಿದು ಎಗರಲು ನೋಡುತ್ತಿದ್ದಳು. ಮಾವನ ದನಿ ಗೆದ್ದ ದಿನ ಕಾಲನ್ನು ದಿಂಬಿನ ಮೇಲಿಟ್ಟು, ಯಾರೋ ತನ್ನ ಹತ್ತಿರ ನೋಡಿಕೊಳ್ಳಲು ಬಿಟ್ಟುಹೋದ ವಸ್ತುವೆಂಬಂತೆ ಅದನ್ನೇ ನೋಡುತ್ತಾ ಕೂರುತ್ತಿದ್ದಳು. ಒಂದು ಸಲ ಮೊಣಕಾಲು ಊದಿರುವುದನ್ನು ಕಂಡು ಮೇಡಂ, ಯಾರ ಮಾತು ಕೇಳುತ್ತಿದ್ದೀಯ ಎಂದು ವಿಚಾರಿಸಿದರು. ಯಾರದ್ದೂ ಇಲ್ಲ ಎಂದಳು ಅಕ್ಕ. ಹಾಗೆನ್ನುವಾಗ ಕೆಳಗಿನಿಂದ ತಾವು ಯಾರಿಗೋ, ನನ್ನ ಲೆಕ್ಕ ಕೇಳಿ, ಸೆಮಿಫೈನಲ್‌ಗೇ ಇಳಿತಾಳೆ ಎಂದು ಹೇಳುತ್ತಿದ್ದಿರಿ. ತಮಗೆ ಇಂಥ ಸಮಯಪ್ರಜ್ಞೆ ಇರುವುದನ್ನು ನಾನು ಮೆಚ್ಚಲೇಬೇಕು.

ಇಷ್ಟಾಗಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಕನ್ನಡಿ ತಮ್ಮದು, ಸೋಪು ತಮ್ಮದು. ಆದರೆ ಹೋದ ವಾರ ತಮ್ಮ ಬಳಗ ಇನ್ನೊಂದು ಹೆಜ್ಜೆ ಮುಂದೆ ಹೋಯಿತು.

ಅವತ್ತು ಬೆಳಿಗ್ಗೆ ಕಸದ ಗಾಡಿ ಎಂದಿಗಿಂತ ಬೇಗ ಬಂದುಬಿಟ್ಟಿತ್ತು. ಮನೆಕೆಲಸ ಮಾಡುವಾಗ ನಾನು ಅಕ್ಕನ ಹಳೆಯ ಜೆರ್ಸಿಗಳನ್ನೇ ಹಾಕಿಕೊಳ್ಳುತ್ತೇನೆ. ಅವು ಗಟ್ಟಿ ಬಟ್ಟೆಯವು, ಬೇಗ ಒಣಗುತ್ತವೆ. ಅವತ್ತು ಮೈಮೇಲಿದ್ದದ್ದು ಬೆನ್ನಿಗೆ ಅವಳ ಹನ್ನೊಂದನೇ ನಂಬರು ಇರುವ ನೀಲಿ ಜೆರ್ಸಿ. ಗಾಡಿ ತಿರುವಿನಲ್ಲಿ ಹೊರಟೇಹೋಗುತ್ತಿರುವುದನ್ನು ಕಂಡು ನಾನು ಕಸದ ಬಕೆಟ್ ಹಿಡಿದು, ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು, ಬೀದಿಯ ಕೊನೆಯವರೆಗೆ ಓಡಿದೆ. ಗಾಡಿ ಸಿಕ್ಕಿತು. ನಾನು ಮರಳಿ ಬಂದು ಸ್ನಾನ ಮಾಡಿ, ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕುವ ನನ್ನ ಕೆಲಸಕ್ಕೆ ಹೋದೆ. ಸಂಜೆ ಬರುವಷ್ಟರಲ್ಲಿ ನನ್ನ ಅಕ್ಕ ಗುಣವಾಗಿಬಿಟ್ಟಿದ್ದಳು.

ತಮ್ಮ ಸದಸ್ಯರೊಬ್ಬರು ಅಂಗಡಿಯ ಬಾಗಿಲಿನಿಂದ ಹಿಂಬದಿಯ ವಿಡಿಯೋ ತೆಗೆದು ಬಳಗದ ಗುಂಪಿಗೆ ಹಾಕಿದ್ದರು. ಗಾಳಿಪಟ ಓಡಿದಳು ಎಂಬ ಸುದ್ದಿ ಊರಿನ ಎಲ್ಲ ಫೋನುಗಳಲ್ಲಿತ್ತು. ಆ ಓಟದ ಬಗ್ಗೆ ತಮ್ಮ ಬಳಗದವರು ನಡೆಸಿದ ಸಂಶೋಧನೆಯನ್ನು ನಾನು ಪೂರ್ತಿ ಓದಿದೆ. ಎಡ ಮೊಣಕಾಲು ಬಲಗಾಲಿಗಿಂತಲೂ ಚೆನ್ನಾಗಿ ಮಡಿಯುತ್ತಿದೆ ಎಂದು ಒಬ್ಬರು ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ತೋರಿಸಿದ್ದರು. ಕೈಯಲ್ಲಿದ್ದ ಕಸದ ಬಕೆಟ್ ಯಾಕೆಂದು ಯಾರೋ ಕೇಳಿದ್ದಕ್ಕೆ ಕಂಡಕ್ಟರ್ ಅಣ್ಣನವರು, ಅದು ಒಂದೇ ಕೈಗೆ ಭಾರ ಕೊಟ್ಟು ದೇಹದ ಸಮತೋಲ ಸಾಧಿಸುವ ವಿದೇಶದ ತರಬೇತಿ ಎಂದು ತಿಳಿಸಿದ್ದರು. ಆ ಬಕೆಟ್‌ನಲ್ಲಿದ್ದದ್ದು ಈರುಳ್ಳಿ ಸಿಪ್ಪೆ ಮತ್ತು ಒಡೆದ ಒಂದು ಲೋಟ. ಅದಕ್ಕೂ ಅಷ್ಟು ಗೌರವ ಸಿಕ್ಕಿದ್ದಕ್ಕೆ ನಾನು ಕೃತಜ್ಞಳು. ನಿಧಾನದ ಪಕ್ಷದವರೂ ಸುಮ್ಮನಿರಲಿಲ್ಲ. ಮಾವ ಮೇಲೆ ಬಂದು, ಮಗಳನ್ನು ಬೀದಿಯಲ್ಲಿ ಓಡಿಸುತ್ತೀಯಾ ಎಂದು ಅಮ್ಮನ ಮೇಲೆ ರೇಗಿದರು. ಅವರು ರೇಗುತ್ತಿದ್ದಷ್ಟು ಹೊತ್ತೂ ಅಕ್ಕ ಅವರ ಎದುರಿಗೇ ಕಾಲು ಚಾಚಿಕೊಂಡು ಮಂಚದ ಮೇಲೆ ಕೂತಿದ್ದಳು.

ನಾನು ಕೆಳಗಿಳಿದು ಬಂದು, ಓಡಿದವಳು ನಾನು ಎಂದು ತಮಗೆ ಹೇಳಿದೆ. ನೆನಪಿರಬಹುದು. ತಾವು ಒಬ್ಬರ ಗಲ್ಲ ಎತ್ತಿ ಹಿಡಿದು ಕತ್ತಿ ಎಳೆಯುತ್ತಿದ್ದಿರಿ. ಕಂಡಕ್ಟರ್ ಅಣ್ಣನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎಷ್ಟೋ ವರ್ಷದಿಂದ ಅವಳ ಓಟ ನೋಡುತ್ತಿದ್ದೇವೆ, ಬೆನ್ನು ನೋಡಿಯೇ ಹೇಳಬಲ್ಲೆವು, ಮನೆಯವರು ಎಲ್ಲಾ ಮುಚ್ಚಿಡೋದು ಸಹಜ ಎಂದು ಸಮಾಧಾನದಿಂದ ತಿಳಿಹೇಳಿದರು. ತಾವು, ಹೋಗು ಮಗಳೇ, ದೃಷ್ಟಿ ಆಗುತ್ತೆ ಅಂತ ಹೀಗೆ ಹೇಳ್ತಿದೀಯ, ಅರ್ಥ ಆಗುತ್ತೆ ಎಂದಿರಿ. ನನ್ನ ಕಾಲು ನನ್ನದೆಂದು ಸಾಬೀತು ಮಾಡಲು ನನ್ನ ಹತ್ತಿರ ಆ ಕಾಲಿನ ಹೊರತು ಬೇರೇನೂ ಇರಲಿಲ್ಲ, ಅದನ್ನು ತಾವು ಒಪ್ಪಲಿಲ್ಲ.

ಮಾರನೆಯ ದಿನ ಕ್ಲಬ್ಬಿನ ಕಾರ್ಯದರ್ಶಿಗಳ ಫೋನು ಬಂತು. ವಿಡಿಯೋ ನೋಡಿ ಸಂತೋಷವಾಯಿತು, ಫೈನಲ್ ತಂಡದಲ್ಲಿ ಹೆಸರು ಸೇರಿಸಿದ್ದೇನೆ, ಸ್ವಲ್ಪ ಹೊತ್ತು ಇಳಿದರೂ ಸಾಕು, ಜನ ಕಾಯುತ್ತಿದ್ದಾರೆ ಎಂದರು. ಡಾಕ್ಟರ ಮಾತಿಗೆ ತಿಂಗಳುಗಟ್ಟಲೆ ಬೇಕಾಗಿದ್ದ ಕೆಲಸವನ್ನು ಒಂದು ಕಸದ ಬಕೆಟ್ ಒಂದೇ ದಿನದಲ್ಲಿ ಮಾಡಿ ಮುಗಿಸಿತು.

ಅಕ್ಕ ಅದು ನಾನಲ್ಲ ಎಂದು ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಯೋಚಿಸಿ ತಿಳಿಸುತ್ತೇನೆಂದು ಫೋನಿಟ್ಟಳು. ಆಮೇಲೆ ನನ್ನ ಫೋನಿನಲ್ಲಿ ಆ ವಿಡಿಯೋವನ್ನು ಮತ್ತೆ ಮತ್ತೆ ಹಾಕಿ ನೋಡಿದಳು. ಆಗ ಅವಳು ಹೇಳಿದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ, ಏಕೆಂದರೆ ತಮ್ಮ ಬಳಗದ ಸಾಧನೆಯನ್ನು ಇದಕ್ಕಿಂತ ಚೆನ್ನಾಗಿ ಹೊಗಳಲು ನನಗೆ ಬರುವುದಿಲ್ಲ.

"ಅಷ್ಟು ಜನ ನೋಡಿದಾರೆ ಕಣೇ, ನಾನು ಓಡಿದ್ದು. ನಾನೊಬ್ಬಳೇ ನೋಡಿಲ್ಲ."

ಅಮ್ಮ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿದರು. ಅಕ್ಕ ಎದ್ದು ಶೂ ಹಾಕಿಕೊಂಡಳು, ಬಹಳ ದಿನದ ಮೇಲೆ. ಲೇಸು ಬಿಗಿದುಕೊಂಡು ಕೋಣೆಯ ನಡುವೆ ನಿಂತಳು. ಒಂಟಿ ಕಾಲಿನಲ್ಲಿ ಎಗರಿ ಅದೇ ಕಾಲಿನಲ್ಲಿ ಇಳಿಯುವುದು ಮೇಡಂ ಕೊನೆಗೆ ಮಾಡಿಸುವ ಪರೀಕ್ಷೆ, ಅದಕ್ಕಿನ್ನೂ ತಿಂಗಳುಗಳಿವೆ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವಳು ಬಲಗಾಲನ್ನು ನೆಲದಿಂದ ಎತ್ತಿದಳು. ಎಗರುವ ಮಾತಿರಲಿ, ನಿಂತ ಎಡಗಾಲು ತೊಡೆಯಿಂದ ಪಾದದವರೆಗೆ ನಡುಗತೊಡಗಿತು. ಅಮ್ಮನಾಗಲಿ ನಾನಾಗಲಿ ಹಿಡಿದುಕೊಳ್ಳಲು ಹೋಗಲಿಲ್ಲ, ಹೋಗಬೇಡಿ ಎಂದು ಅವಳ ಮುಖವೇ ಹೇಳುತ್ತಿತ್ತು. ಅವಳು ನಿಧಾನವಾಗಿ ಕಾಲು ಕೆಳಗಿಟ್ಟು, ಮಂಚದ ಅಂಚು ಹಿಡಿದು ಕೂತಳು. ಸರಿಯಾಗಿ ಆ ಗಳಿಗೆಯಲ್ಲಿ ಕೆಳಗೆ ತಮ್ಮ ಅಂಗಡಿಯಲ್ಲಿ ಚಪ್ಪಾಳೆ ಬಿತ್ತು. ತಾವೆಲ್ಲ ವಿಡಿಯೋವನ್ನು ಮತ್ತೊಮ್ಮೆ ಹಾಕಿ, ನಾನು ತಿರುವು ದಾಟುವ ಜಾಗಕ್ಕೆ ಬಂದಿದ್ದಿರಿ.

ಅಕ್ಕ ನಕ್ಕಳು, ಮಾನ್ಯರೇ. ಬಿದ್ದ ದಿನದಿಂದ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅದೇ ಮೊದಲು. ಅದಕ್ಕಾಗಿ ಬಳಗಕ್ಕೆ ಪ್ರತ್ಯೇಕ ಧನ್ಯವಾದಗಳು. ನಕ್ಕು ಮುಗಿಸಿ ಕಣ್ಣೊರೆಸಿಕೊಂಡು, ಕೋಲು ಕೊಡು, ಕ್ಲಬ್ಬಿಗೆ ಹೋಗಿ ಬರೋಣ ಎಂದಳು.

ನಾವಿಬ್ಬರೂ ಮೆಟ್ಟಿಲಿಳಿದೆವು. ಅವಳು ಕೋಲೂರಿ, ಒಂದು ಮೆಟ್ಟಿಲಿಗೆ ಎರಡೂ ಪಾದ ಇಟ್ಟು, ಕಂಬಿ ಹಿಡಿದು, ನಿಂತು, ಮತ್ತೆ ಇಳಿಯುತ್ತಿದ್ದಳು. ಯಾವಾಗ ನಡೆಯುತ್ತಾಳೆ, ಹೇಗೆ ನಡೆಯುತ್ತಾಳೆ ಎಂದು ತಾವು ತಿಂಗಳುಗಟ್ಟಲೆ ವಾದಿಸಿದ್ದ ಆ ಕಾಲು ತಮ್ಮ ಅಂಗಡಿಯ ಬಾಗಿಲಿನ ಮುಂದೆಯೇ, ಹಗಲಿನ ಬೆಳಕಿನಲ್ಲಿ, ತಮ್ಮ ಕೈಗೆಟಕುವಷ್ಟು ಹತ್ತಿರದಲ್ಲಿ ನಡೆದುಹೋಯಿತು. ತಾವೆಲ್ಲ ದಾರಿಗೆ ಅಡ್ಡವಾಗಿ ನಿಂತು ಒಂದೇ ಫೋನಿನ ಮೇಲೆ ತಲೆಗಳನ್ನು ಸೇರಿಸಿ ಬಗ್ಗಿದ್ದಿರಿ. ಯಾರೂ ತಲೆಯೆತ್ತಲಿಲ್ಲ. ಮೆಟ್ಟಿಲಲ್ಲಿ ಕೂತಿದ್ದ ಹೊಸ ಗಿರಾಕಿಯೊಬ್ಬರು ಮಾತ್ರ ಕಾಲು ಮಡಚಿಕೊಂಡು ದಾರಿ ಬಿಟ್ಟರು. ಅವರಿಗೆ ಬ್ಯಾಸ್ಕೆಟ್‌ಬಾಲ್ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಕ್ಲಬ್ಬಿನ ಕಚೇರಿಯಲ್ಲಿ ಅಕ್ಕ ನಿಂತುಕೊಂಡೇ ಕಾರ್ಯದರ್ಶಿಗಳಿಗೆ ಹೇಳಿದಳು: "ಓಡಿದ್ದು ನನ್ನ ತಂಗಿ ಸಾರ್. ಕಸದ ಗಾಡಿ ಹಿಂದೆ. ನನ್ನ ಹೆಸರು ತೆಗೆದುಬಿಡಿ." ಅವರು ಅವಳ ಕೋಲನ್ನು ನೋಡಿದರು, ವಿಡಿಯೋವನ್ನು ಮತ್ತೆ ನೋಡಿದರು, ಆಮೇಲೆ ನನ್ನ ಕಡೆ ತಿರುಗಿ, ನಿನಗೆ ಚೆಂಡು ಹಿಡಿಯೋಕೆ ಬರುತ್ತೇನಮ್ಮ ಎಂದು ಕೇಳಿದರು. ಬರುವುದಿಲ್ಲ ಎಂದೆ. ಅವರಿಗೆ ನಿಜವಾಗಿಯೂ ಬೇಸರವಾಯಿತು. ಅಕ್ಕನ ಹೆಸರು ಹೊಡೆದುಹಾಕಿದರು. ಮುಂದಿನ ವರ್ಷದ ತಂಡದ ಬಗ್ಗೆ ಈಗಲೇ ಏನೂ ಹೇಳಲಾಗದು, ಹೊಸ ಹುಡುಗಿಯರು ಬರುತ್ತಿದ್ದಾರೆ ಎಂದೂ ಸೇರಿಸಿದರು.

ನಾವು ಮರಳಿ ಮನೆ ಸೇರುವ ಮೊದಲೇ ಪಟ್ಟಿಯಿಂದ ಹೆಸರು ಹೋದ ಸುದ್ದಿ ತಮಗೆ ಮುಟ್ಟಿ, ಕನ್ನಡಿಯ ಮೇಲಿನ ಆ ದುಂಡು ಸಾಲು ಮೂಡಿತು. ಬೇಗದ ಪಕ್ಷವೂ ನಿಧಾನದ ಪಕ್ಷವೂ ಮೊದಲ ಸಲ ಒಂದಾದವು. ಅವಳು ಗುಣವಾಗಿದ್ದಾಳೆ, ಬೇಕೆಂದೇ ಆಡುತ್ತಿಲ್ಲ, ತಲೆ ತಿರುಗಿದೆ ಎಂಬುದು ಈಗ ಎಲ್ಲರ ಅಭಿಪ್ರಾಯ. ಡಾಕ್ಟರು, ಮೇಡಂ, ಅಮ್ಮ, ಅಕ್ಕ, ನಾನು, ಇಷ್ಟು ಜನ ಮಾತ್ರ ಇನ್ನೂ ತಪ್ಪು ತಿಳಿವಳಿಕೆಯಲ್ಲಿದ್ದೇವೆ.

ಆದ್ದರಿಂದ ಮಾನ್ಯರಲ್ಲಿ ನನ್ನ ವಿನಂತಿಗಳು ಹೀಗಿವೆ. ವಿಡಿಯೋದಲ್ಲಿರುವ ಮೊಣಕಾಲು ಫೈನಲ್ ಆಡಲು ಯೋಗ್ಯವೆಂದು ತಮ್ಮ ಬಳಗ ತೀರ್ಪು ಕೊಟ್ಟಿದೆ. ಆ ಮೊಣಕಾಲು ನನ್ನದಾದ್ದರಿಂದ ಭಾನುವಾರ ನನ್ನನ್ನೇ ಇಳಿಸಬೇಕು, ಜೊತೆಗೆ ಎದುರಾಳಿ ತಂಡದವರು ಚೆಂಡಿನ ಬದಲು ಕಸದ ಗಾಡಿ ತರುವಂತೆ ತಾವು ಮಾತಾಡಬೇಕು. ಅದಾಗದಿದ್ದರೆ ನನ್ನ ಕಾಲನ್ನು ಬಿಚ್ಚಿ ಅಕ್ಕನಿಗೆ ಹಾಕಿಕೊಡಬೇಕು, ಕಂಡಕ್ಟರ್ ಅಣ್ಣನವರ ಡಿಪೋದಲ್ಲಿ ಸಂಜೆಯೊಳಗೆ ಆಗುವ ಕೆಲಸವಂತೆ. ಅದೂ ಆಗದಿದ್ದರೆ ಫೈನಲ್ ಪಂದ್ಯವನ್ನು ತಮ್ಮ ಕನ್ನಡಿಯ ಮೇಲೆಯೇ ಆಡಿಸಬೇಕು. ಅಲ್ಲಿ ನಮ್ಮವರು ಇದುವರೆಗೆ ಸೋತಿಲ್ಲ, ಅಲ್ಲಿ ಬಿದ್ದವರು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎದ್ದುಬಿಡುತ್ತಾರೆ.

ಇವು ಯಾವುವೂ ಸಾಧ್ಯವಿಲ್ಲವೆಂದಾದರೆ ಒಂದು ಸಣ್ಣ ಕೆಲಸವಿದೆ. ಭಾನುವಾರ ಅಕ್ಕ ಪಂದ್ಯ ನೋಡಲು ಬರುತ್ತಾಳಂತೆ. ಬೇಡವೆಂದು ಅಮ್ಮ ಹೇಳಿದರೂ ಕೇಳಲಿಲ್ಲ, ನಮ್ಮ ತಂಡ ಕಣಮ್ಮ ಎಂದಳು. ಅವಳಿಗೆ ಕಾಲು ಪೂರ್ತಿ ಮಡಿಸಿ ಕೂರಲು ಆಗುವುದಿಲ್ಲ. ತಮ್ಮ ಬಳಗ ಹಿಡಿದಿಡುವ ಸಾಲಿನಲ್ಲಿ ದಾರಿಯ ಪಕ್ಕದ ಕೊನೆಯ ಕುರ್ಚಿಯನ್ನು ಅವಳಿಗೆ ಬಿಡಿ, ಅಲ್ಲಿ ಕಾಲು ಚಾಚಲು ಜಾಗವಿರುತ್ತದೆ. ಯಾವಾಗ ಆಡುತ್ತೀಯ ಎಂದು ಯಾರೂ ಕೇಳಬೇಡಿ. ಅದು ಅವಳಿಗೂ ಗೊತ್ತಿಲ್ಲ.

ಇಂತು,
ತಮ್ಮ ಬಳಗದಿಂದ ಸರ್ವಾನುಮತದಿಂದ ಮೆಚ್ಚುಗೆ ಪಡೆದ ಎಡ ಮೊಣಕಾಲಿನ ಒಡತಿಯೂ ತಮ್ಮ ವಿಶ್ವಾಸಿಯೂ ಆದ,
ಮೇಲಿನ ಮನೆಯ ಚಿಕ್ಕವಳು

ಮರೆತ ಮಾತು: ಅವತ್ತು ಕ್ಲಬ್ಬಿಗೆಂದು ಮೆಟ್ಟಿಲಿಳಿದು ಬಂದ ಅಕ್ಕ ಗುಂಪಿನ ಹಿಂದೆ ನಿಂತು, ಸ್ವಲ್ಪ ಜಾಗ ಬಿಡಿ ಎಂದು ಕೇಳಿದ್ದಳು. "ಇರಮ್ಮ, ಈಗ ಓಡ್ತಾಳೆ, ನೋಡ್ಕೊಂಡು ಹೋಗು" ಎಂದು ಫೋನಿನಿಂದ ಕಣ್ಣು ತೆಗೆಯದೆ ಹೇಳಿದವರು ಯಾರೆಂದು ಬರೆಯಬಾರದು, ಪಾಪ ನೊಂದುಕೊಳ್ಳುತ್ತಾರೆ ಎಂದು ಅಕ್ಕ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ನಾನು ಬರೆಯುವುದಿಲ್ಲ. ಅವರ ಒಂದು ಕೈಯಲ್ಲಿ ಬಾಚಣಿಗೆ ಇತ್ತು, ಇನ್ನೊಂದರಲ್ಲಿ ಕತ್ತರಿ.